ಕಾಫಿ ಹೂವೂ ಜೇನುಹುಳದ ಮಿದುಳೂ

ಫೆಬ್ರವರಿ ಕಳೆಯುತ್ತಿದ್ದಂತೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಬೆಳೆಗಾರರ ಕಣ್ಣೆಲ್ಲ ಆಕಾಶದ ಮೇಲೆ. ಒಂದು ಇಂಚಿನಷ್ಟು ಹೂಮಳೆ ಬಿದ್ದರೆ ಅಲ್ಲಿಯವರೆಗೆ ನಿದ್ದೆಯಲ್ಲಿದ್ದ ಮೊಗ್ಗುಗಳು ಎಚ್ಚೆತ್ತು, ಎಂಟು ಹತ್ತು ದಿನಗಳಲ್ಲಿ ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ. ನೀರಿನ ಅನುಕೂಲವಿದ್ದವರು ಮಳೆಗೆ ಕಾಯದೆ ಸ್ಪ್ರಿಂಕ್ಲರ್ ಹಾಕಿ ಹೂವು ತರಿಸುತ್ತಾರೆ. ಹೂವಿನ ಆಯುಷ್ಯ ಎರಡು ಮೂರು ದಿನ. ವರ್ಷದ ಫಸಲು ತೀರ್ಮಾನವಾಗುವುದು ಈ ಎರಡು ಮೂರು ದಿನಗಳಲ್ಲಿ.

"ಈ ಸಲ ಹೂವೇನೋ ಚೆನ್ನಾಗಿ ಬಂತು, ಕಾಯಿ ಕಚ್ಚಲಿಲ್ಲ" ಎಂಬ ಮಾತನ್ನು ವಿಸ್ತರಣಾ ಕಾರ್ಯಕರ್ತರೆಲ್ಲರೂ ಕೇಳಿರುತ್ತಾರೆ. ಇದಕ್ಕೆ ಕಾರಣಗಳು ಹಲವು. ಅರಳಿದ ದಿನವೇ ಮಳೆ ಹೊಡೆದಿರಬಹುದು, ಹಿಂಬಾಲಿಸಿ ಬರಬೇಕಾದ ಬ್ಯಾಕಿಂಗ್ ಮಳೆ ಕೈಕೊಟ್ಟಿರಬಹುದು, ಗಿಡ ಸೊರಗಿರಬಹುದು. ಇವುಗಳ ವಿಷಯ ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ಅಷ್ಟಾಗಿ ಲೆಕ್ಕಕ್ಕೆ ಬಾರದ ಇನ್ನೊಂದು ಕಾರಣ ಜೇನು. ಹೂವು ಅರಳಿದ ಬೆಳಿಗ್ಗೆ ತೋಟದೊಳಗೆ ಹೋದರೆ ಗುಂಯ್ ಎಂಬ ಶಬ್ದ ಕಿವಿ ತುಂಬಬೇಕು. ಆ ಶಬ್ದವಿಲ್ಲದಿದ್ದರೆ ಯೋಚಿಸಬೇಕು.

ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ಆದರೂ ಜೇನು ಬಂದರೆ ಅದಕ್ಕೂ ಲಾಭವಿದೆ. ಪನಾಮಾ ದೇಶದ ಅರೇಬಿಕಾ ತೋಟಗಳಲ್ಲಿ ಜೇನಿನಿಂದ ಇಳುವರಿ ಶೇಕಡಾ 50ಕ್ಕೂ ಮೇಲ್ಪಟ್ಟು ಹೆಚ್ಚಿತೆಂದು 2002ರಲ್ಲಿ ವರದಿಯಾಯಿತು. ರೊಬಸ್ಟಾದ ರೀತಿಯೇ ಬೇರೆ. ಒಂದು ಗಿಡದ ಪರಾಗ ಅದೇ ಗಿಡದ ಹೂವಿಗೆ ಸಲ್ಲದು. ಬೇರೆ ಗಿಡದಿಂದ ಪರಾಗ ಬರಲೇಬೇಕು. ಗಾಳಿ ಸ್ವಲ್ಪ ತಂದುಕೊಡುತ್ತದೆ, ಉಳಿದದ್ದು ತುಡುವೆ, ಹೆಜ್ಜೇನು, ಮುಜಂಟಿಗಳ ಪಾಲಿನ ಕೆಲಸ. ಕೊಡಗಿನ ರೊಬಸ್ಟಾ ತೋಟಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಹೂವಿಗೆ ಹೆಚ್ಚಾಗಿ ಬರುವುದು ಹೆಜ್ಜೇನು ಎಂದು ಕಂಡುಬಂದಿದೆ.

ಹಾಗಾದರೆ ಜೇನು ಬರುವುದೇಕೆ? "ಹೂವು ಇದೆ, ಹುಳ ಬರುತ್ತದೆ, ಇದರಲ್ಲೇನು ವಿಶೇಷ" ಎಂದು ಕೇಳಬಹುದು. ಆದರೆ ಅದೇ ಸಮಯದಲ್ಲಿ ಕಾಡಿನಲ್ಲಿ ಬೇರೆ ನೂರು ಬಗೆಯ ಹೂವು ಇರುತ್ತದೆ. ಅದನ್ನೆಲ್ಲ ಬಿಟ್ಟು ಸಾವಿರಾರು ಹುಳಗಳು ಎರಡೇ ದಿನ ಇರುವ ಒಂದು ಹೂವಿಗೆ ಒಟ್ಟಾಗಿ ಮುಗಿಬೀಳಬೇಕಾದರೆ ಅವುಗಳ ಮಿದುಳಿನಲ್ಲಿ ಏನೋ ನಡೆಯಬೇಕು. ಕಳೆದ ಮೂವತ್ತು ನಲವತ್ತು ವರ್ಷಗಳಲ್ಲಿ ಈ ವಿಷಯ ಬಹುಮಟ್ಟಿಗೆ ಬೆಳಕಿಗೆ ಬಂದಿದೆ. ಬೆಳೆಗಾರರು ಇದನ್ನು ತಿಳಿಯಬೇಕಾದದ್ದು ಕುತೂಹಲಕ್ಕಾಗಿ ಮಾತ್ರವಲ್ಲ. ಕಾಫಿ ಗಿಡವು ಆ ಮಿದುಳಿನೊಳಗೆ ಕೈಯಾಡಿಸುತ್ತದೆ, ನಾವು ಸಿಂಪಡಿಸುವ ಔಷಧಗಳೂ ಅದೇ ಜಾಗಕ್ಕೆ ಹೋಗಿ ಮುಟ್ಟುತ್ತವೆ.

ಹಸಿವು ಇರುವುದೆಲ್ಲಿ?

ಮೊದಲು ನಮ್ಮ ಕೊಟ್ಟಿಗೆಯಿಂದಲೇ ಆರಂಭಿಸೋಣ. ಹಸು ಮೇಯುವುದು ಹೊಟ್ಟೆ ಖಾಲಿಯಾದುದರಿಂದ ಎಂದು ನಾವು ತಿಳಿದಿರುತ್ತೇವೆ. ಅದು ಅರ್ಧ ಸತ್ಯ. ಹೊಟ್ಟೆ ಖಾಲಿಯಾದ ಸುದ್ದಿ ಮಿದುಳಿಗೆ ತಲುಪಬೇಕು, ಮಿದುಳು "ಎದ್ದು ಹೋಗಿ ತಿನ್ನು" ಎನ್ನಬೇಕು. ಈ ಸುದ್ದಿಯನ್ನು ಒಯ್ಯುವುದು ರಾಸಾಯನಿಕ ವಸ್ತುಗಳು. ಖಾಲಿ ಹೊಟ್ಟೆಯಿಂದ ಹೊರಡುವ ಗ್ರೆಲಿನ್ ಎಂಬ ಹಸಿವಿನ ವಸ್ತುವನ್ನು 1999ರಲ್ಲಿ ಜಪಾನಿನವರು ಕಂಡುಹಿಡಿದರು. ಮೈಯಲ್ಲಿನ ಕೊಬ್ಬಿನಿಂದ ಹೊರಟು "ಸಾಕು" ಎಂದು ಹೇಳುವ ಲೆಪ್ಟಿನ್ 1994ರಲ್ಲಿಯೇ ಗೊತ್ತಾಗಿತ್ತು. ಜ್ವರ ಬಂದ ಹಸು ಎದುರಿಗೆ ಹಸಿಹುಲ್ಲು ಹಾಕಿದರೂ ಮೂತಿ ತಿರುಗಿಸುವುದನ್ನು ನೋಡಿರುತ್ತೀರಿ. ಹೊಟ್ಟೆ ತುಂಬಿರುವುದರಿಂದ ಹಾಗಾಗುವುದಲ್ಲ. ರೋಗದೊಡನೆ ಹೋರಾಡಲು ದೇಹ ಉತ್ಪತ್ತಿ ಮಾಡುವ ವಸ್ತುಗಳು ಮಿದುಳಿಗೆ ಹೋಗಿ ಹಸಿವಿನ ಬಾಗಿಲನ್ನು ಮುಚ್ಚಿರುತ್ತವೆ. ಅಂಥ ಹಸುವಿಗೆ ಗೊಟ್ಟದಲ್ಲಿ ಗಂಜಿ ಹೊಯ್ಯುವ ಮೊದಲು ಜ್ವರಕ್ಕೆ ಮದ್ದು ಮಾಡಿಸುವುದು ಮೇಲು.

ಹಸಿವು ಬೇರೆ, ತಿನ್ನಬೇಕೆಂಬ ಉತ್ಸಾಹ ಬೇರೆ. ಇದನ್ನು ಸ್ಪಷ್ಟಪಡಿಸಿದ ಪ್ರಯೋಗವೊಂದು 1995ರಲ್ಲಿ ಅಮೆರಿಕದಲ್ಲಿ ನಡೆಯಿತು. ಮಿದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ವಸ್ತುಗಳಲ್ಲಿ ಡೋಪಮಿನ್ ಒಂದು. ನರಕೋಶಗಳಲ್ಲಿ ಡೋಪಮಿನ್ ತಯಾರಾಗದ ಇಲಿಮರಿಗಳನ್ನು ವಿಜ್ಞಾನಿಗಳು ಬೆಳೆಸಿದರು. ಮರಿಗಳಿಗೆ ಬಾಯಿ, ಹೊಟ್ಟೆ ಎಲ್ಲ ಸರಿಯಿದ್ದವು. ಬಾಯಿಗೆ ಆಹಾರವಿಟ್ಟರೆ ನುಂಗುತ್ತಿದ್ದವು. ಆದರೆ ಎದುರಿಗೇ ಇಟ್ಟ ಆಹಾರದ ಬಳಿಗೆ ಎದ್ದು ಹೋಗುವ ಮನಸ್ಸೇ ಅವಕ್ಕೆ ಇರಲಿಲ್ಲ. ಕೆಲವೇ ವಾರಗಳಲ್ಲಿ ಉಪವಾಸ ಬಿದ್ದು ಸತ್ತವು. ಡೋಪಮಿನ್ ಆಗಿ ಮಾರ್ಪಡುವ ಔಷಧವನ್ನು ದಿನವೂ ಕೊಟ್ಟಾಗ ಎದ್ದು ತಿಂದು ಬದುಕಿದವು. ತಿನ್ನುವ ಶಕ್ತಿಯಿದ್ದರೆ ಸಾಲದು, ಹುಡುಕಿಕೊಂಡು ಹೋಗುವ ಬಯಕೆ ಬೇಕು. ಆ ಬಯಕೆ ಹುಟ್ಟುವುದಕ್ಕೆ ಮಿದುಳಿನಲ್ಲಿ ಚೂರು ರಾಸಾಯನಿಕ ಬೇಕು.

ಸಾಸಿವೆಗಿಂತ ಸಣ್ಣ ಮಿದುಳು

ಈಗ ಜೇನಿಗೆ ಬರೋಣ. ಜೇನುಹುಳದ ಮಿದುಳು ಸಾಸಿವೆ ಕಾಳಿಗಿಂತ ಚಿಕ್ಕದು, ತೂಕ ಸುಮಾರು ಒಂದು ಮಿಲಿಗ್ರಾಂ. ಅದರಲ್ಲಿ ಸುಮಾರು ಹತ್ತು ಲಕ್ಷ ನರಕೋಶಗಳಿವೆ. ಇಷ್ಟರಲ್ಲೇ ಅದು ಬಣ್ಣ, ವಾಸನೆ, ದಾರಿ, ಹೊತ್ತು ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತದೆ.

ಜೇನು ಕಲಿಯುವ ರೀತಿಯನ್ನು ಪರೀಕ್ಷಿಸುವ ವಿಧಾನ ಬಹಳ ಸರಳ. ಹುಳವನ್ನು ತಲೆ ಮಾತ್ರ ಹೊರಗಿರುವಂತೆ ಸಣ್ಣ ಕೊಳವೆಯಲ್ಲಿ ಕೂರಿಸಿ, ಮೀಸೆಗೆ ಸಕ್ಕರೆ ನೀರು ಮುಟ್ಟಿಸಿದರೆ ಅದು ನಾಲಿಗೆ ಚಾಚುತ್ತದೆ. ಸಕ್ಕರೆ ಕೊಡುವ ಮೊದಲು ಒಂದು ಹೂವಿನ ವಾಸನೆ ತೋರಿಸಬೇಕು. ಹೀಗೆ ಎರಡು ಮೂರು ಸಲ ಮಾಡಿದರೆ ಸಾಕು, ಆಮೇಲೆ ಬರೀ ವಾಸನೆಗೇ ನಾಲಿಗೆ ಚಾಚುತ್ತದೆ. ಹಿಂಡಿ ಕಲಸುವ ಬಕೆಟ್ಟಿನ ಸದ್ದಿಗೇ ಹಸು ಎದ್ದು ನಿಲ್ಲುವುದಿಲ್ಲವೇ, ಇದೂ ಹಾಗೆಯೇ.

ಈ ಕಲಿಕೆ ಎಲ್ಲಿ ಆಗುತ್ತದೆ ಎಂಬುದನ್ನು 1993ರಲ್ಲಿ ಬರ್ಲಿನ್ನಿನ ಮಾರ್ಟಿನ್ ಹ್ಯಾಮರ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಜೇನಿಗೆ ಸಕ್ಕರೆ ಸಿಕ್ಕಾಗ ಕೆರಳುವ ಒಂದೇ ಒಂದು ನರಕೋಶವನ್ನು ಅವರು ಗುರುತಿಸಿದರು. ವಾಸನೆ ತೋರಿಸಿ, ಸಕ್ಕರೆ ಕೊಡದೆ, ಆ ನರಕೋಶವನ್ನು ಮಾತ್ರ ವಿದ್ಯುತ್ತಿನಿಂದ ಕೆರಳಿಸಿದರು. ಸಕ್ಕರೆ ತಿಂದಷ್ಟೇ ಚೆನ್ನಾಗಿ ಹುಳವು ವಾಸನೆಯನ್ನು ಕಲಿತುಬಿಟ್ಟಿತು! ಬಾಯಿಗೆ ಒಂದು ಹನಿ ಸಿಹಿಯೂ ಬಿದ್ದಿರಲಿಲ್ಲ, "ಸಿಕ್ಕಿತು" ಎಂಬ ಸುದ್ದಿ ಮಾತ್ರ ಮಿದುಳಿಗೆ ಮುಟ್ಟಿತ್ತು. ಆ ನರಕೋಶ ಬಳಸುವ ವಸ್ತು ಆಕ್ಟೋಪಮಿನ್. ಮೊದಲು ಆಕ್ಟೋಪಸ್ ಎಂಬ ಕಡಲಪ್ರಾಣಿಯ ಜೊಲ್ಲುಗ್ರಂಥಿಯಲ್ಲಿ ದೊರೆತದ್ದರಿಂದ ಈ ಹೆಸರು. ಕೀಟಗಳ ಮೈಯಲ್ಲಿ ಇದು ಪ್ರಧಾನವಾದ ವಸ್ತು.

ಪ್ರಾಸಂಗಿಕವಾಗಿ ಇಲ್ಲೊಂದು ಮಾತು. ದನಗಳ ಉಣ್ಣೆಗೆ ನಾವು ನೀರಿನಲ್ಲಿ ಕಲಸಿ ಹಚ್ಚುವ ಅಮಿಟ್ರಾಜ್ ಔಷಧ ಕೆಲಸ ಮಾಡುವುದೂ ಉಣ್ಣೆಯ ಮೈಯಲ್ಲಿ ಆಕ್ಟೋಪಮಿನ್ ಕೂರುವ ಜಾಗದಲ್ಲಿಯೇ. ಅದು ತಗಲಿದ ಉಣ್ಣೆ ರಕ್ತ ಹೀರುವುದನ್ನು ಬಿಟ್ಟು ಕಳಚಿಕೊಳ್ಳುತ್ತದೆ. ಜೇನಿಗೆ ಅಮಿಟ್ರಾಜ್ ಅಷ್ಟಾಗಿ ಬಾಧಿಸದು. ಹೊರದೇಶಗಳಲ್ಲಿ ಜೇನಿಗೆ ಹತ್ತುವ ನುಸಿಗೆ ಅದನ್ನೇ ಬಳಸುತ್ತಾರೆ.

ಗೂಡಿನಲ್ಲಿ ಹುಟ್ಟಿದ ಕೆಲಸಗಾರ ಹುಳ ಮೊದಲ ಎರಡು ಮೂರು ವಾರ ಮರಿ ಸಾಕುವುದು, ಎರಿ ಕಟ್ಟುವುದು ಮುಂತಾದ ಒಳಗಿನ ಕೆಲಸ ಮಾಡುತ್ತದೆ. ಆಮೇಲೆ ಹೊರಗೆ ದುಡಿಯಲು ಹೋಗುತ್ತದೆ. ಹೊರಗೆ ಹೋಗುವ ಹುಳಗಳ ಮಿದುಳಿನಲ್ಲಿ ಆಕ್ಟೋಪಮಿನ್ ಹೆಚ್ಚಾಗಿರುತ್ತದೆ. ಎಳೆಯ ಹುಳಗಳಿಗೆ ಅದನ್ನು ಆಹಾರದಲ್ಲಿ ಕೊಟ್ಟರೆ ಹೊತ್ತಿಗೆ ಮೊದಲೇ ಹೊರಗೆ ಹೊರಡುತ್ತವೆ.

ಇನ್ನು ಕುಣಿತದ ವಿಷಯ. ಒಳ್ಳೆಯ ಹೂವು ಕಂಡುಬಂದ ಹುಳ ಗೂಡಿಗೆ ಮರಳಿ, ಎರಿಯ ಮೇಲೆ ಹಿಂಭಾಗ ಅಲ್ಲಾಡಿಸುತ್ತ ಕುಣಿದು ದಿಕ್ಕನ್ನೂ ದೂರವನ್ನೂ ಇತರ ಹುಳಗಳಿಗೆ ತಿಳಿಸುತ್ತದೆ. ಇದನ್ನು ಬಿಡಿಸಿ ಹೇಳಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಪಾರಿತೋಷಕ ಬಂತು. ಎಲ್ಲ ಹುಳವೂ ಕುಣಿಯುವುದಿಲ್ಲ. ಸಿಕ್ಕಿದ ಮಕರಂದ ತೆಳುವಾಗಿದ್ದರೆ ಸುಮ್ಮನಿರುತ್ತದೆ, ಗಟ್ಟಿಯಾಗಿದ್ದರೆ ಹೆಚ್ಚು ಹೊತ್ತು ಕುಣಿಯುತ್ತದೆ. ಆದರೆ ಹುಳಗಳಿಗೆ ಆಕ್ಟೋಪಮಿನ್ ಕೊಟ್ಟಾಗ ಅದೇ ಸಾಧಾರಣ ಸಕ್ಕರೆ ನೀರಿಗೂ ಹೆಚ್ಚು ಕುಣಿದವೆಂದು 2007ರಲ್ಲಿ ಪ್ರಕಟವಾದ ಪ್ರಯೋಗ ತಿಳಿಸುತ್ತದೆ. ಇದ್ದುದಕ್ಕಿಂತ ದೊಡ್ಡದಾಗಿ ಹೇಳುವ ಚಾಳಿ ಜೇನಿಗೂ ಬರಬಹುದು, ಮಿದುಳಿಗೆ ತಕ್ಕ ವಸ್ತು ಬಿದ್ದರೆ!

ಇಲಿಯಲ್ಲಿ ಕಂಡ ಡೋಪಮಿನ್ ಜೇನಿನ ಮಿದುಳಿನಲ್ಲಿಯೂ ಉಂಟು. ಬಹುಕಾಲ ಅದನ್ನು ಜೇನಿನಲ್ಲಿ ಶಿಕ್ಷೆಯ ವಸ್ತುವೆಂದೇ, ಎಂದರೆ ಪೆಟ್ಟು ಬಿದ್ದುದನ್ನು ನೆನಪಿಡುವ ವಸ್ತುವೆಂದೇ ಎಣಿಸಲಾಗಿತ್ತು. 2022ರಲ್ಲಿ ಚೀನಾ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಇದಕ್ಕೆ ಇನ್ನೊಂದು ಮುಖವಿರುವುದನ್ನು ತೋರಿಸಿದರು. ಹಸಿದ ಹುಳದ ಮಿದುಳಿನಲ್ಲಿ ಡೋಪಮಿನ್ ಏರಿರುತ್ತದೆ, ಸಿಹಿ ಹೀರಿದ ಮೇಲೆ ಇಳಿಯುತ್ತದೆ. ಗೂಡಿಗೆ ಬಂದು ಕುಣಿತ ಆರಂಭಿಸುವಾಗ, ಎದುರಿಗೆ ಹೂವು ಇಲ್ಲದಿದ್ದರೂ, ಮತ್ತೆ ಏರುತ್ತದೆ. ಹೂವಿನ ನೆನಪೇ ಬಯಕೆಯನ್ನು ಎಬ್ಬಿಸುತ್ತದೆ ಎನ್ನಬಹುದು.

ಹೂವಿನೊಳಗಿನ ಕಾಫಿ

ಈಗ ನಮ್ಮ ತೋಟದ ಮುಖ್ಯ ವಿಷಯ. ಕಾಫಿ ಬೀಜದಲ್ಲಿ ಕೆಫೀನ್ ಇರುವುದು ಎಲ್ಲರಿಗೂ ಗೊತ್ತು. ಎಲೆ, ಕಾಯಿಗಳಲ್ಲಿ ಗಿಡವು ಇದನ್ನು ತುಂಬಿಟ್ಟುಕೊಂಡಿರುವುದು ಕೀಟಗಳನ್ನು ದೂರವಿಡುವುದಕ್ಕೆ. ಅದು ಕಹಿ, ಹೆಚ್ಚಾದರೆ ವಿಷ. ಹೀಗಿರುವಾಗ ಜೇನನ್ನು ಕರೆಯಬೇಕಾದ ಹೂವಿನ ಮಕರಂದದಲ್ಲಿಯೂ ಕೆಫೀನ್ ಇದೆ ಎಂದರೆ ಆಶ್ಚರ್ಯವಾಗುತ್ತದೆ. ಕಾಫಿಯಲ್ಲಿ ಮಾತ್ರವಲ್ಲ, ಕಿತ್ತಳೆ ಜಾತಿಯ ಮರಗಳ ಮಕರಂದದಲ್ಲಿಯೂ ಇದೆ. ನಮ್ಮ ಎಷ್ಟೋ ತೋಟಗಳಲ್ಲಿ ಇವೆರಡೂ ಒಟ್ಟಿಗೇ ಬೆಳೆಯುತ್ತವೆ.

2013ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾನಿಲಯದ ಜೆರಾಲ್ಡಿನ್ ರೈಟ್ ಮತ್ತು ಸಂಗಡಿಗರು ಈ ಒಗಟನ್ನು ಬಿಡಿಸಿದರು. ಮಕರಂದದಲ್ಲಿರುವ ಕೆಫೀನ್ ಜೇನಿಗೆ ಕಹಿ ಗೊತ್ತಾಗದಷ್ಟು ಕಡಿಮೆ. ಆದರೆ ಮಿದುಳಿಗೆ ಅಷ್ಟೇ ಸಾಕು. ಬರೀ ಸಕ್ಕರೆ ನೀರಿನಿಂದ ಒಂದು ವಾಸನೆಯನ್ನು ಕಲಿತ ಹುಳಗಳಿಗಿಂತ ಕೆಫೀನ್ ಬೆರೆತ ಸಕ್ಕರೆ ನೀರಿನಿಂದ ಕಲಿತ ಹುಳಗಳು 24 ಗಂಟೆಗಳ ನಂತರ ಮೂರು ಪಟ್ಟು ಹೆಚ್ಚಾಗಿ ಆ ವಾಸನೆಯನ್ನು ನೆನಪಿಟ್ಟುಕೊಂಡಿದ್ದವು. ಮೂರು ದಿನಗಳ ನಂತರವೂ ನೆನಪು ಎರಡು ಪಟ್ಟು ಇತ್ತು. ಮಿದುಳಿನಲ್ಲಿ "ಸಾಕು, ನಿಧಾನ" ಎಂದು ಕಡಿವಾಣ ಹಾಕುವ ಅಡೆನೋಸಿನ್ ಎಂಬ ವಸ್ತುವಿದೆ. ಅದು ಕೂರಬೇಕಾದ ಜಾಗದಲ್ಲಿ ಕೆಫೀನ್ ಹೋಗಿ ಕೂರುತ್ತದೆ, ಕಡಿವಾಣ ಸಡಿಲುತ್ತದೆ. ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದು ತೋಟಕ್ಕೆ ಹೊರಡುವ ನಮ್ಮ ತಲೆಯಲ್ಲಿ ನಡೆಯುವುದೂ ಇದೇ.

ಇಪ್ಪತ್ತನಾಲ್ಕು ಗಂಟೆಯ ನೆನಪು ಎಂಬುದನ್ನು ನಮ್ಮ ಹೂವಿನ ಲೆಕ್ಕಕ್ಕೆ ಹಿಡಿದು ನೋಡಿ. ಇದು ನನ್ನ ಊಹೆ. ಆದರೆ ಹೊಂದಿಕೆಯಂತೂ ಕಣ್ಣಿಗೆ ಹೊಡೆಯುವಂತಿದೆ. ಕಾಫಿ ಹೂವು ಮೊದಲ ದಿನ ಬೆಳಗಿನ ಜಾವ ಅರಳುತ್ತದೆ, ಮೂರನೆಯ ದಿನಕ್ಕೆ ಬಾಡುತ್ತದೆ. ಮೊದಲ ಬೆಳಿಗ್ಗೆ ಬಂದ ಹುಳ ಮರುದಿನವೂ ತಪ್ಪದೆ ಅದೇ ವಾಸನೆಯನ್ನು ಹುಡುಕಿಕೊಂಡು ಬಂದರೆ ಗಿಡಕ್ಕೆ ಅದಕ್ಕಿಂತ ಹೆಚ್ಚಿನದೇನೂ ಬೇಡ. ಮಧ್ಯೆ ಬೇರೆ ಜಾತಿಯ ಹೂವಿಗೆ ಹೋಗಿ ಬಂದರೆ ಪರಾಗ ವ್ಯರ್ಥ. ಕಾಫಿಯಿಂದ ಕಾಫಿಗೇ ಹೋದರೆ ರೊಬಸ್ಟಾದಲ್ಲಿ ಕಾಯಿ ಕಚ್ಚುತ್ತದೆ.

ಇದರಿಂದ ಜೇನಿಗೆ ಲಾಭವೇ? ಎಲ್ಲ ಸಮಯದಲ್ಲಿಯೂ ಇಲ್ಲ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾನಿಲಯದವರು 2015ರಲ್ಲಿ ಪ್ರಕಟಿಸಿದಂತೆ, ಕೆಫೀನ್ ಬೆರೆತ ಸಕ್ಕರೆ ನೀರು ಕುಡಿದ ಹುಳಗಳು ಹೆಚ್ಚು ಸಲ ಬಂದವು, ಹೆಚ್ಚು ಕುಣಿದವು. ಒಟ್ಟಿನಲ್ಲಿ ಗೂಡಿನಿಂದ ಆ ಜಾಗಕ್ಕೆ ಹುಳಗಳನ್ನು ಕಳಿಸುವ ಕುಣಿತ ನಾಲ್ಕು ಪಟ್ಟಾಯಿತು. ಸಕ್ಕರೆ ನೀರು ಖಾಲಿಯಾದ ಮೇಲೂ ಅವು ಅದೇ ಜಾಗಕ್ಕೆ ಬಂದು ಹುಡುಕುತ್ತಿದ್ದವು. ಮಕರಂದ ತೆಳುವಾಗಿರುವಾಗ ಗೂಡಿಗೆ ಇದರಿಂದ ನಷ್ಟವೂ ಆಗಬಹುದು. ಗಿಡವು ಇಲ್ಲಿ ಸ್ವಲ್ಪ ಮೋಸವನ್ನೇ ಮಾಡುತ್ತದೆ, ಆ ಮೋಸದ ಫಲವನ್ನು ಡಿಸೆಂಬರಿನಲ್ಲಿ ನಾವು ಕೊಯ್ಯುತ್ತೇವೆ.

ಈ ಪ್ರಯೋಗಗಳೆಲ್ಲ ಹೆಚ್ಚಾಗಿ ನಡೆದಿರುವುದು ಯುರೋಪಿನ ಜೇನಿನ ಮೇಲೆ. ನಮ್ಮ ತುಡುವೆ ಅದರ ಹತ್ತಿರದ ದಾಯಾದಿ. ಮಿದುಳಿನ ರಚನೆಯೂ ಕುಣಿತದ ಭಾಷೆಯೂ ಎರಡಕ್ಕೂ ಒಂದೇ ಬಗೆಯವು.

ಸಿಂಪರಣೆ ಮತ್ತು ಜೇನಿನ ನೆನಪು

ಜೇನಿನ ಮಿದುಳಿನಲ್ಲಿ ಸುದ್ದಿ ಸಾಗಿಸುವ ಇನ್ನೊಂದು ಬಹು ಮುಖ್ಯ ವಸ್ತು ಅಸಿಟೈಲ್‌ಕೋಲಿನ್. ವಾಸನೆಯನ್ನೂ ದಾರಿಯನ್ನೂ ನೆನಪಿಡುವ ಭಾಗಕ್ಕೆ ಸುದ್ದಿ ಬರುವುದು ಬಹುಮಟ್ಟಿಗೆ ಇದರಿಂದ. ಸುದ್ದಿ ಮುಟ್ಟಿದ ಕೂಡಲೇ ಇದು ಕರಗಿಹೋಗಬೇಕು. ಕ್ಲೋರ್‌ಪೈರಿಫಾಸ್‌ನಂಥ ಆರ್ಗ್ಯಾನೋಫಾಸ್ಫೇಟ್ ಔಷಧಗಳು ಇದನ್ನು ಕರಗಿಸುವ ಕಿಣ್ವವನ್ನು ಕಟ್ಟಿಹಾಕುತ್ತವೆ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಮುಂತಾದವು ಇದರ ಜಾಗದಲ್ಲಿ ತಾವೇ ಹೋಗಿ ಕೂರುತ್ತವೆ. ಎರಡರಿಂದಲೂ ನರಗಳಲ್ಲಿ ಸುದ್ದಿ ನಿಲ್ಲದೆ ಹರಿಯುತ್ತದೆ. ಪ್ರಮಾಣ ಹೆಚ್ಚಿದ್ದರೆ ಹುಳ ಒದ್ದಾಡಿ ಸಾಯುತ್ತದೆ.

ಪ್ರಮಾಣ ಕಡಿಮೆಯಿದ್ದರೆ ಸಾಯುವುದಿಲ್ಲ, ನೆನಪು ಕೆಡುತ್ತದೆ. ಬೆಳೆಗಾರರು ಹೆಚ್ಚಾಗಿ ಗಮನಿಸದೆ ಹೋಗುವುದು ಇದನ್ನೇ. ಪೆಟ್ಟಿಗೆಯ ಮುಂದೆ ಸತ್ತ ಹುಳಗಳ ರಾಶಿ ಬಿದ್ದರೆ ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಬೆಳಿಗ್ಗೆ ಹೋದ ಹುಳ ದಾರಿ ತಪ್ಪಿ ಸಂಜೆ ಬಾರದಿದ್ದರೆ ಯಾರಿಗೂ ಕಾಣದು. ಫ್ರಾನ್ಸಿನಲ್ಲಿ ಜೇನಿನ ಬೆನ್ನಿಗೆ ಸಣ್ಣ ರೇಡಿಯೋ ಚೀಟಿ ಅಂಟಿಸಿ ಮಾಡಿದ, 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕೊಲ್ಲುವ ಮಟ್ಟಕ್ಕಿಂತ ಕಡಿಮೆ ಥಯಾಮೆಥಾಕ್ಸಾಮ್ ಸೇವಿಸಿದ ಹುಳಗಳಲ್ಲಿ ಅನೇಕವು ಗೂಡಿಗೆ ಮರಳಲಿಲ್ಲ. ತುಡುವೆಯ ಮೇಲೆಯೇ ಚೀನಾದ ಯುನ್ನಾನ್ ಪ್ರಾಂತದಲ್ಲಿ ನಡೆಸಿದ ಪ್ರಯೋಗಗಳು 2014 ಮತ್ತು 2015ರಲ್ಲಿ ಪ್ರಕಟವಾಗಿವೆ. ಇಮಿಡಾಕ್ಲೋಪ್ರಿಡ್ ತಗಲಿದ ತುಡುವೆಗಳು ವಾಸನೆ ಕಲಿಯುವುದರಲ್ಲಿ ಹಿಂದೆ ಬಿದ್ದವು. ಪ್ರಮಾಣ ಹೆಚ್ಚಾದಾಗ ಕಡಜ ಕುಳಿತಿದ್ದ ಕಡೆಗೆ ಹೋಗಬಾರದೆಂಬ ಎಚ್ಚರಿಕೆಯೂ ಅವಕ್ಕೆ ತಪ್ಪಿತು.

"ಹುಳಕ್ಕೆ ಬುದ್ಧಿ ಇದೆ, ವಿಷ ಹೊಡೆದ ಹೂವಿಗೆ ಅದು ಬರುವುದಿಲ್ಲ" ಎಂದು ಹೇಳುವವರಿದ್ದಾರೆ. ಇದನ್ನು ನಂಬಬಾರದು. ಇಮಿಡಾಕ್ಲೋಪ್ರಿಡ್ ಮತ್ತು ಥಯಾಮೆಥಾಕ್ಸಾಮ್‌ಗಳ ರುಚಿ ಜೇನಿನ ನಾಲಿಗೆಗೆ ಗೊತ್ತೇ ಆಗುವುದಿಲ್ಲ ಎಂದು 2015ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಶುದ್ಧ ಸಕ್ಕರೆ ನೀರು ಮತ್ತು ಇವು ಬೆರೆತ ಸಕ್ಕರೆ ನೀರು ಎರಡನ್ನೂ ಎದುರಿಗಿಟ್ಟಾಗ ಹುಳಗಳು ಔಷಧ ಬೆರೆತದ್ದನ್ನೇ ಹೆಚ್ಚಾಗಿ ಆರಿಸಿಕೊಂಡವು! ಯುರೋಪಿನ ಒಕ್ಕೂಟ ಇಂಥ ಮೂರು ಔಷಧಗಳನ್ನು ಬಯಲಿನಲ್ಲಿ ಬಳಸುವುದನ್ನು 2018ರಲ್ಲಿ ನಿಷೇಧಿಸಿತು.

ನಮ್ಮ ಮಲೆನಾಡಿನ ಜೇನಿಗೆ ಈಗಾಗಲೇ ಒಂದು ದೊಡ್ಡ ಪೆಟ್ಟು ಬಿದ್ದಿದೆ ಎಂಬುದನ್ನು ಹಿರಿಯ ಜೇನು ಸಾಕಣೆದಾರರು ಮರೆತಿರಲಾರರು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜಾಣು ರೋಗ ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳನ್ನು ಸಾಲುಸಾಲಾಗಿ ಬರಿದುಮಾಡಿತು. ಉಳಿದ ಕುಟುಂಬಗಳಿಂದ ನಿಧಾನವಾಗಿ ಚೇತರಿಸಿಕೊಂಡ ಹುಳಗಳು ಈಗ ನಮ್ಮ ಪೆಟ್ಟಿಗೆಗಳಲ್ಲಿ, ಮರದ ಪೊಟರೆಗಳಲ್ಲಿ, ಹುತ್ತಗಳಲ್ಲಿ ಇರುವುವು. ಅವನ್ನು ಹೂವಿನ ಎರಡು ದಿನಗಳಲ್ಲಿ ಕಳೆದುಕೊಳ್ಳುವುದು ಸರಿಯಲ್ಲ.

ತೋಟದಲ್ಲಿ ಗಮನಿಸಬೇಕಾದುದು

ಮೇಲಿನ ಸಂಗತಿಗಳಿಂದ ಬೆಳೆಗಾರರಿಗೆ ಆಗುವ ಉಪಯೋಗವನ್ನು ಈಗ ನೋಡೋಣ. ಹೂವು ಅರಳುವ ಹಿಂದಿನ ಎರಡು ಮೂರು ದಿನಗಳಿಂದ ಹೂವು ಪೂರ್ಣ ಬಾಡುವವರೆಗೆ ಕಾಫಿಗಾಗಲಿ, ಕೆಳಗಿನ ಕಳೆಗಾಗಲಿ, ಪಕ್ಕದ ಶುಂಠಿ ಮತ್ತು ತರಕಾರಿಗಾಗಲಿ ಕೀಟನಾಶಕ ಹೊಡೆಯಬಾರದು. ಬಿಳಿಕಾಂಡಕೊರಕದ ದುಂಬಿ ಹೊರಬರುವ ಕಾಲ ಏಪ್ರಿಲ್, ಮೇ. ಹೂಮಳೆ ತಡವಾದ ವರ್ಷ ಅರೇಬಿಕಾದ ಹೂವೂ ಕಾಂಡಕ್ಕೆ ಔಷಧ ಹೊಡೆಯುವ ಹೊತ್ತೂ ಒಂದರ ಮೇಲೊಂದು ಬೀಳುವುದುಂಟು. ಅಂಥ ವರ್ಷ ಹೂವಿನ ದಿನಗಳನ್ನು ಬಿಟ್ಟೇ ಕೆಲಸ ಹಿಡಿಯಬೇಕು. ಹಿಡಿದಾಗಲೂ ಕಾಂಡಕ್ಕೆ ಮಾತ್ರ ಬೀಳುವಂತೆ ನೋಡಿಕೊಳ್ಳಬೇಕು. ರಸಗಳಲ್ಲಿ ಹರಿದು ಗಿಡವೆಲ್ಲ ವ್ಯಾಪಿಸುವ ಔಷಧಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಹೂವಿಗೆ ಮೊದಲೇ ಕೊಟ್ಟರೂ ಅವು ಮಕರಂದಕ್ಕೆ ಇಳಿದು ಬರಬಹುದು. ನೆರೆಯ ತೋಟದವರಿಗೂ ಒಂದು ಮಾತು ಹೇಳಿಡುವುದು ಒಳ್ಳೆಯದು. ಜೇನಿಗೆ ಬೇಲಿಯ ಲೆಕ್ಕವಿಲ್ಲ.

ಪೆಟ್ಟಿಗೆ ಇಟ್ಟಿರುವವರು ಜನವರಿಯಲ್ಲಿಯೇ ಕ್ಯಾಲೆಂಡರ್ ಮುಂದಿಟ್ಟುಕೊಳ್ಳಬೇಕು. ಮೊಟ್ಟೆಯಿಂದ ಕೆಲಸಗಾರ ಹುಳ ಹೊರಬರಲು ಸುಮಾರು 20 ದಿನ, ಆಮೇಲೆ ಗೂಡಿನೊಳಗಿನ ಕೆಲಸ ಎರಡು ಮೂರು ವಾರ. ಮಾರ್ಚ್ ಮೊದಲ ವಾರದಲ್ಲಿ ಕಾಫಿ ಹೂವಿಗೆ ಹೋಗಬೇಕಾದ ಹುಳದ ಮೊಟ್ಟೆ ಜನವರಿ ಕೊನೆಯ ಹೊತ್ತಿಗೆ ಎರಿಯಲ್ಲಿರಬೇಕು. ಆಗ ರಾಣಿ ಚೆನ್ನಾಗಿ ಮೊಟ್ಟೆಯಿಡುತ್ತಿದೆಯೇ, ಆಹಾರ ಸಾಕಷ್ಟಿದೆಯೇ ನೋಡಿ, ಕಡಿಮೆಯಿದ್ದರೆ ಸಂಜೆಯ ಹೊತ್ತು ಸಕ್ಕರೆ ಪಾಕ ಕೊಡತಕ್ಕದ್ದು. ಫೆಬ್ರವರಿ ಕೊನೆಯಲ್ಲಿ ಪಾಕ ಕೊಟ್ಟು ಕುಟುಂಬ ಬೆಳೆಸಲು ಹೊರಟರೆ ಹುಳ ತಯಾರಾಗುವಷ್ಟರಲ್ಲಿ ಹೂವು ಮುಗಿದಿರುತ್ತದೆ.

ಬೇರೆ ಕಡೆಯಿಂದ ಪೆಟ್ಟಿಗೆ ತರಿಸುವವರು ಬಹಳ ಮೊದಲೇ ತಂದಿಡುವುದರಲ್ಲಿ ಅರ್ಥವಿಲ್ಲ. ಹುಳಗಳು ಸುತ್ತಲಿನ ಬೇರೆ ಹೂವನ್ನು ಕಲಿತು ಅದಕ್ಕೇ ಅಂಟಿಕೊಳ್ಳುತ್ತವೆ. ಎರಡನೆಯ ದಿನ ತಂದರೆ ತಡವಾಯಿತು. ಮೊಗ್ಗು ಬೆಳ್ಳಗೆ ಉಬ್ಬಿ ನಾಳೆ ಅರಳುತ್ತದೆ ಎನ್ನುವ ರಾತ್ರಿ ತಂದು ನೆರಳಿನಲ್ಲಿಟ್ಟು, ನಸುಕಿಗೆ ಬಾಗಿಲು ತೆಗೆಯುವುದು ಉತ್ತಮ. ಎರಡು ಮೂರು ಕಿಲೋಮೀಟರಿಗಿಂತ ದೂರದಿಂದ ತಂದ ಪೆಟ್ಟಿಗೆಯಾದರೆ ಹುಳಗಳು ಹಳೆಯ ಜಾಗಕ್ಕೆ ಹಾರಿಹೋಗುವ ಭಯ ಕಡಿಮೆ. ಹೂವು ಅರಳಿರುವಾಗ ಸ್ಪ್ರಿಂಕ್ಲರ್ ತಿರುಗಿಸಬಾರದು. ಮಕರಂದ ನೀರಾಗುತ್ತದೆ, ಪರಾಗ ತೊಳೆದುಹೋಗುತ್ತದೆ, ಹುಳ ಹತ್ತಿರ ಸುಳಿಯುವುದಿಲ್ಲ.

ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕಲಾಗದು. ಅದು ತಾನಾಗಿ ಬಂದು ಎತ್ತರದ ಮರಗಳಲ್ಲಿ ಕಟ್ಟುತ್ತದೆ. ಕೆಲಸದವರಿಗೆ ಅದರ ಭಯವಿರುವುದು ಸಹಜ. ಆದರೂ ದಾರಿಯಿಂದ, ಲೈನ್ ಮನೆಗಳಿಂದ ದೂರವಿರುವ ಮರದಲ್ಲಿ ಕಟ್ಟಿದ್ದರೆ ಹೂವು ಮುಗಿಯುವವರೆಗಾದರೂ ಪಂಜು ಹಿಡಿದು ಸುಡುವ ಕೆಲಸಕ್ಕೆ ಹೋಗಬಾರದು. ಕಾಡಿನಂಚಿನ ದೊಡ್ಡ ಮರಗಳನ್ನೂ ಪೊಟರೆಯಿರುವ ಹಳೆಯ ನೆರಳಿನ ಮರಗಳನ್ನೂ ಉಳಿಸಿಕೊಂಡ ತೋಟಕ್ಕೆ ಬಿಟ್ಟಿ ಕೆಲಸಗಾರರು ಹೆಚ್ಚು.

ಕೊನೆಯದಾಗಿ, ಆಸಕ್ತಿಯಿರುವವರು ಮಾಡಿ ನೋಡಬಹುದಾದ ಒಂದು ಪ್ರಯೋಗ. ಜೇನು ಗೂಡಿನೊಳಗೇ ಹೂವಿನ ವಾಸನೆ ಕಲಿಯಬಲ್ಲದು. ಇದನ್ನು ಬಳಸಿ, ಬೇಕಾದ ಬೆಳೆಯ ಹೂವಿನ ವಾಸನೆ ಬೆರೆತ ಸಕ್ಕರೆ ಪಾಕವನ್ನು ಗೂಡಿಗೆ ಕೊಟ್ಟು ಹುಳಗಳನ್ನು ಆ ಬೆಳೆಗೆ ಕಳಿಸುವ ಕ್ರಮವನ್ನು ಫಾನ್ ಫ್ರಿಶ್ ಅವರು ತಮ್ಮ 1947ರ ಪುಸ್ತಕದಲ್ಲಿಯೇ ವಿವರಿಸಿದ್ದಾರೆ. ಸೂರ್ಯಕಾಂತಿಯ ವಾಸನೆಗೆ ಹೋಲುವ ಪಾಕ ಕೊಟ್ಟು ಅದರ ಇಳುವರಿ ಹೆಚ್ಚಿಸಿದ ಪ್ರಯೋಗ ಅರ್ಜೆಂಟೀನಾದಿಂದ 2020ರಲ್ಲಿ ವರದಿಯಾಗಿದೆ. ಕಾಫಿಯಲ್ಲಿ ಇದಕ್ಕೆ ಒಂದು ತೊಡಕು, ಹೂವು ಸಿಗುವುದೇ ಎರಡು ದಿನ. ಪಾಕ ಮಾಡಲು ಹೂವು ಬೇಕು, ಹೂವು ಬರುವಷ್ಟರಲ್ಲಿ ಪಾಕ ಮುಗಿದಿರಬೇಕು! ಆದರೆ ಸ್ಪ್ರಿಂಕ್ಲರ್ ಹಾಕಿದ ತಾಕು ಮಳೆಯ ತಾಕಿಗಿಂತ ಕೆಲವು ದಿನ ಮೊದಲು ಅರಳುವುದು ಸಾಮಾನ್ಯ. ಅಲ್ಲಿಂದ, ಔಷಧ ಸೋಕದ ಗಿಡಗಳಿಂದ, ಒಂದೆರಡು ಹಿಡಿ ಹೊಸ ಹೂವನ್ನು ಬೆಳಿಗ್ಗೆಯೇ ಕಿತ್ತು, ಆರಿದ ಸಕ್ಕರೆ ಪಾಕದಲ್ಲಿ ಕೆಲವು ಗಂಟೆ ನೆನೆಸಿ ಸೋಸಬೇಕು. ಪಾಕ ಬಿಸಿಯಿದ್ದರೆ ವಾಸನೆ ಹಾರಿಹೋಗುತ್ತದೆ. ಮಳೆಯ ತಾಕು ಅರಳುವ ಹಿಂದಿನ ಸಂಜೆ, ಬೇರೆ ಜೇನು ಮುತ್ತದಂತೆ, ಗೂಡಿನೊಳಗೆ ಅರ್ಧ ಲೋಟದಷ್ಟು ಮಾತ್ರ ಕೊಡಬೇಕು. ಹೆಚ್ಚು ಕೊಟ್ಟರೆ ಪಾಕ ಜೇನು ಕೋಣೆಗೆ ಸೇರಿ ತುಪ್ಪ ಕಲಬೆರಕೆಯಾಗುತ್ತದೆ.

ಮೊದಲ ವರ್ಷ ಎರಡು ಪೆಟ್ಟಿಗೆಗೆ ಕೊಟ್ಟು, ಅದೇ ಬಲದ ಎರಡು ಪೆಟ್ಟಿಗೆಗೆ ಹೂವು ಹಾಕದ ಪಾಕ ಕೊಟ್ಟು ನೋಡಿ. ಮರುದಿನ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಪ್ರತಿ ಪೆಟ್ಟಿಗೆಯ ಬಾಗಿಲಲ್ಲಿ ಐದು ನಿಮಿಷ ಕುಳಿತು, ಕಾಲಿಗೆ ಪರಾಗದ ಉಂಡೆ ಕಟ್ಟಿಕೊಂಡು ಬರುವ ಹುಳಗಳನ್ನು ಎಣಿಸಿ ಬರೆದಿಡಿ. ಕಾಫಿಯ ಪರಾಗದ ಬಣ್ಣ ಗೊತ್ತಾಗಲು ಒಂದು ಕಾಫಿ ಹೂವನ್ನು ಕಪ್ಪು ಬಟ್ಟೆಯ ಮೇಲೆ ಕೊಡವಿ ಪಕ್ಕದಲ್ಲಿಟ್ಟುಕೊಂಡರೆ ಸಾಕು.